ಕೋಶದ ಒತ್ತಡ, ಮನಸ್ಸಿನ ಒತ್ತಡ: ಮೂರು ಪದಗಳ ಹೊಣೆ

ವಿಜ್ಞಾನದ ಹೊಸ ಸಂಗತಿಯೊಂದು ಕನ್ನಡಕ್ಕೆ ಬರುವಾಗ ಮೊದಲು ಬಂದು ಸೇರುವುದು ಅದರ ಪದಗಳು. ಅರ್ಥ ಹಿಂದಿನಿಂದ ನಿಧಾನವಾಗಿ ಬರುತ್ತದೆ; ಕೆಲವೊಮ್ಮೆ ಬಾರದೆಯೂ ಉಳಿಯುತ್ತದೆ. ಮೆದುಳಿನ ಕುರಿತ ಈಚಿನ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಮಾತನ್ನು ಇಲ್ಲಿ ಚರ್ಚೆಗೆ ಎತ್ತಿಕೊಳ್ಳುತ್ತೇನೆ. ಒತ್ತಡಕ್ಕೊಳಗಾದ ಮೆದುಳಿನ ಕೋಶಗಳು ತಮ್ಮಿಂದ ಹೊರಬೀಳುವ ಕಿರುಚೀಲಗಳ ಮೂಲಕ ಉರಿಯೂತದ ಸಂದೇಶವನ್ನು ಇತರ ಕೋಶಗಳಿಗೆ ಮುಟ್ಟಿಸುತ್ತವೆ ಎಂಬುದು ಆ ಮಾತು. ಇದರಲ್ಲಿ ನಮಗೆ ತಿಳಿಯದ ಪದ ಒಂದೂ ಇದ್ದಂತಿಲ್ಲ. ಒತ್ತಡ, ಉರಿಯೂತ, ಸಂದೇಶ ಮೂರೂ ಪರಿಚಿತ ಪದಗಳೇ. ಹಾಗಿದ್ದೂ ಈ ವಾಕ್ಯ ಓದುಗನ ಮನಸ್ಸಿನಲ್ಲಿ ತಪ್ಪಾದ ಚಿತ್ರವನ್ನು ಮೂಡಿಸುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ಕಾರಣ ವಿಷಯದ ಕಾಠಿಣ್ಯಕ್ಕಿಂತ ಪದಗಳ ಸಲಿಗೆ. ಈ ಮೂರು ಪದಗಳ ಅರ್ಥವನ್ನು ತಿಳಿಯಾಗಿಸುವ ಕೆಲಸದಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದುವವರಿಗೆ ನೇರವಾದ ಪಾಲಿದೆ ಎಂಬುದು ಈ ಲೇಖನದ ವಾದ.

ಪದ ತಪ್ಪಿದರೆ ಏನಾಗುತ್ತದೆ? ಮೇಲಿನ ವಾಕ್ಯವನ್ನು ಅವಸರದಲ್ಲಿ ಕನ್ನಡಿಸಿ 'ಒತ್ತಡದಿಂದ ಮೆದುಳಿಗೆ ಉರಿಯೂತ' ಎಂಬ ತಲೆಬರಹ ಕೊಟ್ಟರೆಂದು ಭಾವಿಸಿ. 'ಚಿಂತೆಗೂ ಚಿತೆಗೂ ಒಂದು ಬಿಂದುವಷ್ಟೇ ಅಂತರ' ಎಂಬ ಮಾತನ್ನು ಕೇಳಿ ಬೆಳೆದ ನಮಗೆ ಅದು ಥಟ್ಟನೆ ನಿಜವೆನಿಸುತ್ತದೆ. ಮನೆಯಲ್ಲಿ ನೆನಪು ಕಳೆದುಕೊಳ್ಳುತ್ತಿರುವ ಹಿರಿಯರಿದ್ದರೆ, ಅವರು ಬದುಕಿಡೀ ಚಿಂತಿಸಿದ್ದರಿಂದಲೇ ಹೀಗಾಯಿತು ಎಂದು ಮಕ್ಕಳು ತೀರ್ಮಾನಿಸುತ್ತಾರೆ. ತಮ್ಮ ಚಿಂತೆ ಕೊಟ್ಟದ್ದರಿಂದ ಹೀಗಾಯಿತು ಎಂದು ಕೊರಗುವವರೂ ಇದ್ದಾರೆ. ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನ, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. 'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯಡಿಯಲ್ಲಿ ಒಂದು ಕಾಯಿಲೆಯನ್ನೇ ಮುಚ್ಚಿಟ್ಟಿದ್ದ ಸಮಾಜ ನಮ್ಮದು. ಗಾದೆಯ ಜಾಗಕ್ಕೆ ಈಗ ತಪ್ಪು ತಿಳಿದ ವಿಜ್ಞಾನ ಬಂದು ಕುಳಿತರೆ, ಆ ಲಕ್ಷಾಂತರ ಮನೆಗಳ ಹೊರೆ ಇಳಿಯುವುದಿಲ್ಲ. ರೋಗದ ಜೊತೆಗೆ ಅಪರಾಧಭಾವವೊಂದು ಸೇರಿಕೊಳ್ಳುತ್ತದೆ.

ಆದುದರಿಂದ ಮೊದಲು ವಿಷಯವನ್ನೇ ನೋಡೋಣ. ನಮ್ಮ ದೇಹದ ಪ್ರತಿಯೊಂದು ಜೀವಕೋಶಕ್ಕೂ ಮೇದಸ್ಸಿನ ತೆಳುವಾದ ಪೊರೆಯೊಂದು ಇದೆ. ಆ ಪೊರೆಯ ಚೂರುಗಳು ಮುಚ್ಚಿದ ಚೀಲಗಳಾಗಿ ಕೋಶದಿಂದ ಹೊರಬೀಳುತ್ತಲೇ ಇರುತ್ತವೆ. ಇಂಗ್ಲಿಷಿನಲ್ಲಿ ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್ ಎನ್ನುವ ಇವುಗಳನ್ನು ಕೋಶದ ಹೊರಗಿನ ಕಿರುಚೀಲಗಳು ಎನ್ನಬಹುದು. ಇವು ಎರಡು ಬಗೆಯಲ್ಲಿ ಹುಟ್ಟುತ್ತವೆ. ಕೋಶದ ಒಳಗೇ ದೊಡ್ಡ ಚೀಲವೊಂದರಲ್ಲಿ ಹಲವು ಪುಟ್ಟ ಚೀಲಗಳು ರೂಪುಗೊಂಡು, ದೊಡ್ಡದು ಹೊರಪೊರೆಗೆ ತಾಗಿ ತೆರೆದುಕೊಂಡಾಗ ಪುಟ್ಟವು ಹೊರಬರುವುದು ಒಂದು ಬಗೆ. ಇವು ಎಕ್ಸೊಸೋಮ್‌ಗಳು, ಅಳತೆ ಸುಮಾರು 30ರಿಂದ 150 ನ್ಯಾನೊಮೀಟರ್. ಹೊರಪೊರೆಯೇ ಮೊಗ್ಗಿನಂತೆ ಉಬ್ಬಿ ಕಳಚಿಕೊಳ್ಳುವುದು ಇನ್ನೊಂದು ಬಗೆ. ಇವು ತುಸು ದೊಡ್ಡವು, ಸಾವಿರ ನ್ಯಾನೊಮೀಟರ್‌ವರೆಗೂ ಇರಬಹುದು. 100 ನ್ಯಾನೊಮೀಟರಿನ ಚೀಲಗಳನ್ನು ಸಾಲಾಗಿ ಜೋಡಿಸಿದರೆ ಒಂದು ತಲೆಗೂದಲಿನ ಅಗಲದಲ್ಲಿ ಐನೂರರಿಂದ ಸಾವಿರ ಚೀಲಗಳು ಹಿಡಿಸುತ್ತವೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಇವು ಬಿಡಿಬಿಡಿಯಾಗಿ ಕಾಣವು.

ಇವುಗಳ ಚರಿತ್ರೆಯೇ ಅರ್ಥಪಲ್ಲಟದ ಚರಿತ್ರೆ. 1967ರಲ್ಲಿ ಪೀಟರ್ ವುಲ್ಫ್ ಎಂಬ ವಿಜ್ಞಾನಿ ರಕ್ತದ ಪ್ಲೇಟ್‌ಲೆಟ್‌ಗಳಿಂದ ಉದುರಿದ ಇಂಥ ಕಣಗಳನ್ನು ಕಂಡು ಅವನ್ನು ಪ್ಲೇಟ್‌ಲೆಟ್ ಧೂಳು ಎಂದು ಕರೆದರು. 1983ರಲ್ಲಿ ಅಮೆರಿಕ ಮತ್ತು ಕೆನಡಾಗಳ ಎರಡು ಪ್ರಯೋಗಾಲಯಗಳು, ಇಲಿಯ ಮತ್ತು ಕುರಿಯ ಎಳೆಯ ಕೆಂಪು ರಕ್ತಕಣಗಳು ಬಲಿಯುವಾಗ ತಮಗೆ ಬೇಡವಾದ ಗ್ರಾಹಿ ಪ್ರೋಟೀನನ್ನು ಪುಟ್ಟ ಚೀಲಗಳಲ್ಲಿ ತುಂಬಿ ಹೊರಹಾಕುವುದನ್ನು ಬೇರೆಬೇರೆಯಾಗಿ ತೋರಿಸಿದವು. ಇದು ಕೋಶ ತನ್ನ ಕಸ ಹೊರಹಾಕುವ ಬಗೆ ಎಂದೇ ಬಹುಕಾಲ ತಿಳಿಯಲಾಗಿತ್ತು. 1996ರಲ್ಲಿ ರೋಗನಿರೋಧಕ ವ್ಯವಸ್ಥೆಯ ಬಿ ಕೋಶಗಳು ಹೊರಬಿಡುವ ಎಕ್ಸೊಸೋಮ್‌ಗಳು ಅದೇ ವ್ಯವಸ್ಥೆಯ ಬೇರೆ ಕೋಶಗಳನ್ನು ಪ್ರಚೋದಿಸಬಲ್ಲವು ಎಂದು ತಿಳಿಯಿತು. 2007ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಶೋಧಕರು ಈ ಚೀಲಗಳಲ್ಲಿ ಆರ್‌ಎನ್‌ಎ ಇರುವುದನ್ನೂ, ಒಂದು ಕೋಶದ ಆರ್‌ಎನ್‌ಎ ಇನ್ನೊಂದು ಕೋಶದೊಳಗೆ ಹೋಗಿ ಪ್ರೋಟೀನು ತಯಾರಿಸಬಲ್ಲದು ಎಂಬುದನ್ನೂ ತೋರಿಸಿದರು. ಹೀಗೆ ಧೂಳು ಕಸವಾಯಿತು, ಕಸ ಸಂದೇಶವಾಯಿತು. ನಲವತ್ತು ವರ್ಷಗಳಲ್ಲಿ ವಸ್ತು ಬದಲಾಗಲಿಲ್ಲ. ಅದನ್ನು ನೋಡುವವರ ರೂಪಕ ಬದಲಾಯಿತು.

ಇನ್ನು ಮೆದುಳಿನ ಮಾತು. ಮೆದುಳು ಎಂದೊಡನೆ ನಮಗೆ ನೆನಪಾಗುವುದು ನರಕೋಶ. ಅದರ ಸುತ್ತ ಗ್ಲಿಯಾ ಎಂಬ ಬೇರೆ ಜಾತಿಯ ಕೋಶಗಳ ದೊಡ್ಡ ಬಳಗವಿದೆ. ನಕ್ಷತ್ರದಂತೆ ಕೈಚಾಚಿರುವ ಆಸ್ಟ್ರೋಸೈಟ್‌ಗಳು ನರಕೋಶಕ್ಕೆ ಆಹಾರ ಒದಗಿಸುತ್ತವೆ, ಸುತ್ತಲಿನ ರಾಸಾಯನಿಕಗಳನ್ನು ಹದದಲ್ಲಿಡುತ್ತವೆ. ಆಲಿಗೊಡೆಂಡ್ರೊಸೈಟ್‌ಗಳು ನರತಂತುವಿಗೆ ಹೊದಿಕೆ ಸುತ್ತುತ್ತವೆ. ಸ್ಪೇನಿನ ಪಿಯೊ ಡೆಲ್ ರಿಯೊ ಒರ್ತೆಗಾ 1919ರಲ್ಲಿ ಬೇರ್ಪಡಿಸಿ ಹೆಸರಿಸಿದ ಮೈಕ್ರೋಗ್ಲಿಯಾ ಮೆದುಳಿನ ಕಾವಲು ಮತ್ತು ಜಾಡಮಾಲಿ ಎರಡೂ ಹೌದು. ಸತ್ತ ಕೋಶಗಳನ್ನು ನುಂಗುತ್ತದೆ, ಅಪಾಯದ ಸುಳಿವು ಸಿಕ್ಕರೆ ಆಕಾರ ಬದಲಿಸಿ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತದೆ.

ಆ ರಾಸಾಯನಿಕಗಳಲ್ಲಿ ಮುಖ್ಯವಾದ ಇಂಟರ್‌ಲ್ಯೂಕಿನ್-1 ಬೀಟಾದ ಉದಾಹರಣೆಯಿಂದ ಕಿರುಚೀಲದ ಪಾತ್ರ ಸ್ಪಷ್ಟವಾಗುತ್ತದೆ. ಕೋಶದಿಂದ ಹೊರಹೋಗಬೇಕಾದ ಪ್ರೋಟೀನುಗಳಿಗೆ ಸಾಮಾನ್ಯವಾಗಿ ಆರಂಭದಲ್ಲೊಂದು ವಿಳಾಸಪಟ್ಟಿಯಂಥ ಭಾಗವಿರುತ್ತದೆ. ಅದನ್ನು ಓದಿ ಕೋಶ ಅವನ್ನು ನಿಗದಿತ ದಾರಿಯಲ್ಲಿ ಹೊರಗೆ ಸಾಗಿಸುತ್ತದೆ. ಇಂಟರ್‌ಲ್ಯೂಕಿನ್-1 ಬೀಟಾಗೆ ಆ ಭಾಗ ಇಲ್ಲ. ಹಾಗಾದರೆ ಅದು ಹೊರಬರುವುದು ಹೇಗೆ? 2005ರಲ್ಲಿ ಇಟಲಿಯ ಮಿಲಾನಿನ ಸಂಶೋಧಕರು ಒಂದು ದಾರಿಯನ್ನು ತೋರಿಸಿದರು. ಆಸ್ಟ್ರೋಸೈಟ್‌ಗಳಿಂದ ಹೊರಬಂದ ಎಟಿಪಿ ಎಂಬ ಅಣು ಮೈಕ್ರೋಗ್ಲಿಯಾದ ಮೇಲಿನ ಗ್ರಾಹಿಯೊಂದಕ್ಕೆ ತಾಗುತ್ತದೆ. ಆಗ ಮೈಕ್ರೋಗ್ಲಿಯಾದ ಪೊರೆ ಮೊಗ್ಗೊಡೆದು ಕಿರುಚೀಲಗಳನ್ನು ಕಳಚುತ್ತದೆ. ಅವುಗಳ ಒಳಗೆ ಈ ರಾಸಾಯನಿಕ ಇರುತ್ತದೆ. ಇದೊಂದೇ ದಾರಿ ಎಂದಲ್ಲ, ಇದೂ ಒಂದು ದಾರಿ. ಇಲ್ಲಿ ಎಟಿಪಿಯ ನಡೆಯನ್ನು ಗಮನಿಸಬೇಕು. ಕೋಶದ ಒಳಗಿರುವಾಗ ಅದು ಕೋಶದ ಇಂಧನ. ಅದೇ ಅಣು ಗಾಯಗೊಂಡ ಕೋಶದಿಂದ ಹೊರಗೆ ಚೆಲ್ಲಿದಾಗ ಅಪಾಯದ ಕುರುಹು. ಸ್ಥಾನ ಬದಲಾದೊಡನೆ ಅರ್ಥ ಬದಲಾಗುವುದನ್ನು ಕಾವ್ಯಮೀಮಾಂಸೆಯ ತರಗತಿಯಲ್ಲಿ ಓದಿದವರಿಗೆ ಇದು ಹೊಸದೆನಿಸಲಾರದು.

ಕಿರುಚೀಲಗಳು ಮೆದುಳಿನ ಒಳಗೇ ಉಳಿಯುವುದಿಲ್ಲ. ಇಲಿಗಳ ಮೆದುಳಿನಲ್ಲಿ ಉರಿಯೂತ ಉಂಟುಮಾಡಿ ನಡೆಸಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ಆಸ್ಟ್ರೋಸೈಟ್‌ಗಳು ಬಿಟ್ಟ ಕಿರುಚೀಲಗಳು ರಕ್ತಕ್ಕೆ ಸೇರಿ ಯಕೃತ್ತನ್ನು ತಲುಪಿದವು. ಯಕೃತ್ತು ಅದಕ್ಕೆ ಪ್ರತಿಯಾಗಿ ಉರಿಯೂತದ ರಾಸಾಯನಿಕಗಳನ್ನು ಹೆಚ್ಚಿಸಿತು. ಬಿಳಿ ರಕ್ತಕಣಗಳು ಮೆದುಳಿನ ಗಾಯದತ್ತ ಹೊರಟವು. ತಲೆಯಲ್ಲಾದ ಪೆಟ್ಟಿಗೆ ಹೊಟ್ಟೆಯೊಳಗಿನ ಅಂಗವೊಂದು ಓಗೊಟ್ಟಿತು. ಆಲ್‌ಝೈಮರ್ಸ್ ಕಾಯಿಲೆಗೂ ಇದಕ್ಕೂ ಸಂಬಂಧವಿರಬಹುದು ಎಂಬ ಸುಳಿವೂ ಇದೆ. ಆ ಕಾಯಿಲೆಯಲ್ಲಿ ಟಾವ್ ಎಂಬ ಪ್ರೋಟೀನು ಗಂಟುಕಟ್ಟಿ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹಬ್ಬುತ್ತದೆ. ಮೈಕ್ರೋಗ್ಲಿಯಾವನ್ನು ಕಡಿಮೆ ಮಾಡಿದಾಗ, ಅಥವಾ ಎಕ್ಸೊಸೋಮ್‌ಗಳ ತಯಾರಿಕೆಯನ್ನು ತಡೆದಾಗ, ಇಲಿಗಳಲ್ಲಿ ಈ ಹಬ್ಬುವಿಕೆ ತಗ್ಗಿತೆಂದು 2015ರಲ್ಲಿ ಬಾಸ್ಟನ್ನಿನ ಸಂಶೋಧಕರು ವರದಿ ಮಾಡಿದರು.

ಇಷ್ಟು ಹಿನ್ನೆಲೆಯೊಂದಿಗೆ ನಮ್ಮ ಮೂರು ಪದಗಳಿಗೆ ಬರೋಣ. ಮೊದಲನೆಯದು ಒತ್ತಡ. ಜೀವವಿಜ್ಞಾನಕ್ಕೆ ಸ್ಟ್ರೆಸ್ ಎಂಬ ಪದ ಬಂದದ್ದು ಭೌತವಿಜ್ಞಾನದಿಂದ. ಹಾನ್ಸ್ ಸೆಲ್ಯೆ 1936ರಿಂದ ಮುಂದೆ ನಡೆಸಿದ ಅಧ್ಯಯನಗಳು ಅದನ್ನು ದೇಹದ ವಿಷಯದಲ್ಲಿ ರೂಢಿಗೆ ತಂದವು. ಅಲ್ಲಿಂದ ಅದು ಎರಡು ಕಡೆಗೆ ಕವಲೊಡೆಯಿತು. ಒಂದು ಕವಲು ಮನಸ್ಸಿನತ್ತ ಹೋಗಿ ಕೆಲಸದ ಒತ್ತಡ, ಪರೀಕ್ಷೆಯ ಒತ್ತಡ ಆಯಿತು. ಇನ್ನೊಂದು ಕವಲು ಕೋಶದೊಳಕ್ಕೆ ಇಳಿಯಿತು. 1962ರಲ್ಲಿ ಇಟಲಿಯ ಫೆರುಚೊ ರಿತೊಸ್ಸಾ ಹಣ್ಣುನೊಣದ ಕೋಶಗಳಿಗೆ ಶಾಖ ಹೆಚ್ಚಾದಾಗ ಅವುಗಳ ವರ್ಣತಂತುಗಳ ಕೆಲವು ಭಾಗಗಳು ಉಬ್ಬುವುದನ್ನು ಕಂಡರು. ಕೋಶ ಶಾಖವನ್ನು ಎದುರಿಸಲು ಮಾಡಿಕೊಳ್ಳುವ ಸಿದ್ಧತೆ ಅದೆಂದು ಆಮೇಲೆ ತಿಳಿಯಿತು. ಕೋಶದ ಮಟ್ಟಿಗೆ ಒತ್ತಡವೆಂದರೆ ಇಂಥದ್ದು: ಶಾಖ, ಆಮ್ಲಜನಕದ ಕೊರತೆ, ಸಕ್ಕರೆಯ ಕೊರತೆ, ವಿಷ, ವಿಕಿರಣ, ವೈರಸ್ಸು, ಸರಿಯಾಗಿ ಮಡಚಿಕೊಳ್ಳದ ಪ್ರೋಟೀನುಗಳ ರಾಶಿ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಕ್ಕೂ ಇವೆಲ್ಲ ಆಗಬಹುದು. ಅದಕ್ಕೆ ಮನಸ್ಸಿಲ್ಲ, ಸಾಲವಿಲ್ಲ, ಮಗಳ ಮದುವೆಯ ಚಿಂತೆಯಿಲ್ಲ.

ಕನ್ನಡದಲ್ಲಿ ಈ ಗೊಂದಲ ಇನ್ನಷ್ಟು ದಟ್ಟವಾಗಿದೆ. ಗಾಳಿಯ ಒತ್ತಡ, ರಕ್ತದೊತ್ತಡ, ಮಾನಸಿಕ ಒತ್ತಡ, ಕೋಶದ ಒತ್ತಡ ಎಲ್ಲಕ್ಕೂ ಒಂದೇ ಪದವನ್ನು ದುಡಿಸುತ್ತಿದ್ದೇವೆ. ಬಿಪಿ ಇದೆ ಎಂದರೆ ಆತ ಮುಂಗೋಪಿ ಎಂದು ಜನ ಅರ್ಥ ಮಾಡಿಕೊಳ್ಳುವುದು ಇದೇ ಕಾರಣಕ್ಕೆ. ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಕೋಶದ ಒತ್ತಡ ಎಂಬುದು ಲಕ್ಷಣೆಯಿಂದ ಹುಟ್ಟಿದ ಪ್ರಯೋಗ. ಗಂಗೆಯಲ್ಲಿ ಹಳ್ಳಿಯಿದೆ ಎಂದಾಗ ನಾವು ಹಳ್ಳಿಯನ್ನು ನೀರಿನಲ್ಲಿ ಹುಡುಕುವುದಿಲ್ಲ. ಮುಖ್ಯಾರ್ಥಕ್ಕೆ ಬಾಧೆ ಬಂದೊಡನೆ ದಡ ಎಂಬ ಅರ್ಥಕ್ಕೆ ಸರಿಯುತ್ತೇವೆ. 'ಒತ್ತಡಕ್ಕೊಳಗಾದ ಕೋಶ' ಎಂಬಲ್ಲಿ ತೊಂದರೆಯೇನೆಂದರೆ ಓದುಗನಿಗೆ ಮುಖ್ಯಾರ್ಥದ ಬಾಧೆಯೇ ಅರಿವಾಗುವುದಿಲ್ಲ. ಮೆದುಳು ಎಂಬ ಪದ ಪಕ್ಕದಲ್ಲೇ ಇರುವುದರಿಂದ ಆತ ಸಲೀಸಾಗಿ ಮನಸ್ಸಿನ ಒತ್ತಡವನ್ನೇ ಓದಿಕೊಳ್ಳುತ್ತಾನೆ. ಇಂಥ ಕಡೆ 'ಬಾಧಿತ ಕೋಶ' ಎಂದು ಬರೆದು, ಏನಿನಿಂದ ಬಾಧಿತ ಎಂಬುದನ್ನೂ ಒಂದು ಪದದಲ್ಲಿ ಹೇಳಿಬಿಡುವುದು ಲೇಸೆಂದು ನನ್ನ ಸಲಹೆ. ಆಮ್ಲಜನಕದ ಕೊರತೆಯಿಂದ ಬಾಧಿತವಾದ ಕೋಶ ಎಂದರೆ ಯಾರೂ ಅದನ್ನು ಚಿಂತೆಯೆಂದು ಓದಲಾರರು.

ಎರಡನೆಯದು ಉರಿಯೂತ. ಕನ್ನಡ ಪರಿಭಾಷೆಯ ಸೊಗಸಾದ ಪದಗಳಲ್ಲಿ ಇದೊಂದು. ಉರಿ ಮತ್ತು ಊತ ಸೇರಿ ಯಕಾರಾಗಮವಾಗಿ ಉರಿಯೂತ. ರೋಮಿನ ಸೆಲ್ಸಸ್ ಕ್ರಿ.ಶ. ಒಂದನೆಯ ಶತಮಾನದಲ್ಲಿ ಇದರ ನಾಲ್ಕು ಲಕ್ಷಣಗಳನ್ನು ಹೇಳಿದ್ದಾನೆ: ಕೆಂಪಾಗುವುದು, ಊದಿಕೊಳ್ಳುವುದು, ಬಿಸಿಯಾಗುವುದು, ನೋಯುವುದು. ನಮ್ಮ ಪದ ನಾಲ್ಕರಲ್ಲಿ ಎರಡನ್ನು ತನ್ನೊಳಗೇ ಇಟ್ಟುಕೊಂಡಿದೆ. ನೆರೆಯ ಭಾಷೆಗಳ ಕಡೆ ನೋಡಿದರೆ ಇದರ ಬಗೆಗಳು ಇನ್ನೂ ಸ್ವಾರಸ್ಯಕರ. ಮರಾಠಿಯಲ್ಲಿ ಇದು ದಾಹ. ನಮ್ಮಲ್ಲಿ ದಾಹ ಬಾಯಾರಿಕೆಗೆ ಸರಿದುಹೋಗಿದೆ. ಮಲಯಾಳದಲ್ಲಿ ಕೋಶಜ್ವಲನಂ. ತಮಿಳಿನಲ್ಲಿ ಅೞಱ್ಚಿ, ಅದರ ಮೂಲದಲ್ಲಿರುವ ಅೞಲ್ ಎಂಬುದಕ್ಕೆ ಬೆಂಕಿ ಎಂದರ್ಥ. ಅದೇ ಧಾತು ಕನ್ನಡದಲ್ಲಿ ಅಳಲು ಆಗಿ ದುಃಖವನ್ನು ಸೂಚಿಸುತ್ತದೆ. ಬೆಂಕಿಯ ಪದ ನಮ್ಮ ನುಡಿಯಲ್ಲಿ ಎಷ್ಟು ಸುಲಭವಾಗಿ ಮನಸ್ಸಿನ ಬೇಗೆಗೆ ಜಾರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಮೆದುಳಿನಲ್ಲಿ ನಡೆಯುವ ಈ ಬಗೆಯ ಮಂದ ಉರಿಯೂತಕ್ಕೆ ಉರಿಯೂ ಇಲ್ಲ, ಕಣ್ಣಿಗೆ ಕಾಣುವ ಊತವೂ ಇಲ್ಲ. ಮೆದುಳಿನ ಅಂಗಾಂಶಕ್ಕೆ ನೋವನ್ನು ಗ್ರಹಿಸುವ ನರತುದಿಗಳೇ ಇಲ್ಲದಿರುವುದರಿಂದ ನೋವೂ ಇಲ್ಲ. ಇರುವುದು ಮೈಕ್ರೋಗ್ಲಿಯಾದ ಆಕಾರದಲ್ಲಿ, ಅದು ಬಿಡುವ ರಾಸಾಯನಿಕಗಳಲ್ಲಿ ಆಗುವ ಬದಲಾವಣೆ. ಅದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯಬಲ್ಲದು. ಉಷ್ಣ ಮತ್ತು ತಂಪಿನ ಲೆಕ್ಕದಲ್ಲಿ ಆಹಾರವನ್ನೂ ರೋಗವನ್ನೂ ವಿಂಗಡಿಸುವ ನಮ್ಮ ಮನೆಗಳಲ್ಲಿ 'ಮೆದುಳಿನ ಉರಿಯೂತ' ಎಂದರೆ ತಲೆಗೆ ತಂಪೆಣ್ಣೆ ಹಚ್ಚಿ ಎಂಬ ಉಪಚಾರ ಬರುವುದು ಸಹಜ. ಎಣ್ಣೆ ಹಚ್ಚುವುದರಿಂದ ಕೇಡೇನೂ ಇಲ್ಲ. ಅದನ್ನು ನಂಬಿ ವೈದ್ಯರನ್ನು ಕಾಣುವುದನ್ನು ಒಂದು ವರ್ಷ ಮುಂದೂಡಿದರೆ ಕೇಡುಂಟು. ಉರಿಯೂತ ಎಂಬ ಪದವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದು ಚೆನ್ನಾಗಿ ನೆಲೆಗೊಂಡ ಪದ. ಮೆದುಳಿನ ಸಂದರ್ಭದಲ್ಲಿ ಬಳಸುವಾಗ, ಇಲ್ಲಿ ಉರಿಯೂ ಊತವೂ ತೋರವು ಎಂಬ ಒಂದು ವಾಕ್ಯವನ್ನು ಜೊತೆಗಿಡಬೇಕು.

ಮೂರನೆಯದು ಸಂದೇಶ. ಈ ಪದ ಕಳುಹಿಸುವವನೊಬ್ಬನನ್ನೂ ಅವನ ಉದ್ದೇಶವನ್ನೂ ತಾನಾಗಿಯೇ ತರುತ್ತದೆ. ಮೇಘದೂತದ ಯಕ್ಷನಿಗೆ ಹೇಳಬೇಕಾದದ್ದು ಇತ್ತು, ಕೇಳಬೇಕಾದವಳು ಇದ್ದಳು. ಕೋಶಕ್ಕೆ ಎರಡೂ ಇಲ್ಲ. ಬಾಧಿತ ಕೋಶದಿಂದ ಕಿರುಚೀಲ ಹೊರಬೀಳುತ್ತದೆ. ಅದು ತಾಗಿದ ಕೋಶದ ನಡೆ ಬದಲಾಗುತ್ತದೆ. ಹೊಗೆ ಬೆಂಕಿಯನ್ನು ಸೂಚಿಸುವಂತೆ ಅದು ಬಾಧೆಯನ್ನು ಸೂಚಿಸುತ್ತದೆ. ಬೆಂಕಿ ಯಾರಿಗೂ ಹೊಗೆಯನ್ನು ಬರೆದು ಕಳುಹಿಸುವುದಿಲ್ಲ. ಸೂಚನೆ ಎಂಬ ಪದ ಇಲ್ಲಿ ಸಂದೇಶಕ್ಕಿಂತ ಪ್ರಾಮಾಣಿಕ. ಇದು ಪದದ ಚೌಕಾಸಿಯಷ್ಟೇ ಎನ್ನುವವರಿಗೆ ಇನ್ನೊಂದು ಪ್ರಯೋಗವನ್ನು ನೆನಪಿಸಬೇಕು. ಜರ್ಮನಿಯ ಮೈನ್ಸ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆಲಿಗೊಡೆಂಡ್ರೊಸೈಟ್‌ಗಳು ಬಿಡುವ ಎಕ್ಸೊಸೋಮ್‌ಗಳನ್ನು ನರಕೋಶಗಳು ಒಳಗೆ ಎಳೆದುಕೊಳ್ಳುತ್ತವೆ, ಮತ್ತು ಪ್ರತಿಕೂಲ ಸ್ಥಿತಿಯಲ್ಲಿ ಅವು ಬದುಕಿ ಉಳಿಯಲು ಇದರಿಂದ ನೆರವಾಗುತ್ತದೆ. ಒಂದೆಡೆ ಉರಿಯೂತ ಹರಡುವ ಚೀಲ, ಇನ್ನೊಂದೆಡೆ ನರಕೋಶವನ್ನು ಕಾಯುವ ಚೀಲ. ಯಾವ ಕೋಶದಿಂದ ಬಂತು, ಒಳಗೇನಿತ್ತು, ಯಾರು ಪಡೆದರು ಎಂಬುದರ ಮೇಲೆ ಫಲ ನಿಂತಿದೆ. ಕಿರುಚೀಲವನ್ನೇ ಖಳನನ್ನಾಗಿ ಮಾಡುವ ಬರಹವೂ ಸುಳ್ಳು, ಸಂಜೀವಿನಿಯನ್ನಾಗಿ ಮಾಡುವ ಬರಹವೂ ಸುಳ್ಳು.

ಸಂಜೀವಿನಿಯ ಮಾರಾಟ ಈಗಾಗಲೇ ಶುರುವಾಗಿದೆ. ಕೂದಲು ಬೆಳೆಸುವ, ಚರ್ಮದ ಕಾಂತಿ ಹೆಚ್ಚಿಸುವ ಜಾಹೀರಾತುಗಳಲ್ಲಿ ಎಕ್ಸೊಸೋಮ್ ಎಂಬ ಪದ ಕಾಣಿಸುತ್ತಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2019ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಎಚ್ಚರಿಕೆಯೊಂದನ್ನು ಹೊರಡಿಸಿ, ಎಕ್ಸೊಸೋಮ್ ಉತ್ಪನ್ನ ಪಡೆದ ಕೆಲವು ರೋಗಿಗಳಿಗೆ ಗಂಭೀರ ತೊಂದರೆಯಾಗಿದೆ, ಇಂಥ ಯಾವ ಉತ್ಪನ್ನಕ್ಕೂ ತಾನು ಅನುಮೋದನೆ ಕೊಟ್ಟಿಲ್ಲ ಎಂದು ತಿಳಿಸಿತು. ರಕ್ತದಲ್ಲಿರುವ ಕಿರುಚೀಲಗಳನ್ನು ಹಿಡಿದು ಮೆದುಳಿನ ರೋಗವನ್ನು ಮುಂಚಿತವಾಗಿ ಗುರುತಿಸುವ ಆಸೆಯೂ ದೊಡ್ಡದಿದೆ. ಅದು ಒಳ್ಳೆಯ ಆಸೆಯೇ. ಆದರೆ ನರಕೋಶದಿಂದ ಬಂದ ಚೀಲಗಳನ್ನು ಆರಿಸಲು ಹಲವು ವರ್ಷ ಗುರುತಾಗಿ ಬಳಸಲಾಗುತ್ತಿದ್ದ ಒಂದು ಪ್ರೋಟೀನು ರಕ್ತದಲ್ಲಿ ಚೀಲಕ್ಕೆ ಅಂಟಿಕೊಂಡಿರದೆ ಬಿಡಿಯಾಗಿಯೇ ತೇಲುತ್ತಿರುತ್ತದೆ ಎಂದು 2021ರ ಅಧ್ಯಯನವೊಂದು ತೋರಿಸಿತು. ವಿಜ್ಞಾನಿಗಳೇ ಗುರುತು ಹಿಡಿಯಲು ತಡವರಿಸುತ್ತಿರುವ ವಸ್ತುವನ್ನು ಮಾರಾಟಗಾರ ಸೀಸೆಯಲ್ಲಿ ತುಂಬಿ ಕೊಡುತ್ತಾನೆಂದರೆ ನಾವು ಒಂದು ಕ್ಷಣ ನಿಲ್ಲಬೇಕು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ದೀರ್ಘಕಾಲದ ಮಾನಸಿಕ ಒತ್ತಡ ದೇಹವನ್ನು ಕಾಡುವುದಿಲ್ಲವೇ? ಖಂಡಿತ ಕಾಡುತ್ತದೆ. ನಿದ್ರೆ, ರಕ್ತದೊತ್ತಡ, ಹಾರ್ಮೋನುಗಳ ಏರಿಳಿತ ಎಲ್ಲದರ ಮೇಲೂ ಅದರ ಪ್ರಭಾವವಿದೆ. ಉರಿಯೂತದೊಂದಿಗಿನ ಅದರ ನಂಟೂ ಸಂಶೋಧನೆಯ ವಿಷಯವೇ. ನನ್ನ ತಕರಾರು ಎರಡು ಬೇರೆ ಸಂಗತಿಗಳನ್ನು ಒಂದೇ ಪದದ ಬಲದಿಂದ ಬೆಸೆಯುವುದರ ಬಗ್ಗೆ ಮಾತ್ರ. ಡಿಮೆನ್ಷಿಯಾದ ತಡೆಯನ್ನು ಕುರಿತ ಲ್ಯಾನ್ಸೆಟ್ ಆಯೋಗ 2024ರಲ್ಲಿ ಬದಲಾಯಿಸಲು ಸಾಧ್ಯವಿರುವ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿತು. ಕಡಿಮೆ ಶಿಕ್ಷಣ, ಕಿವಿ ಮಂದವಾಗುವುದು, ದೃಷ್ಟಿದೋಷ, ಅಧಿಕ ರಕ್ತದೊತ್ತಡ, ಮಧುಮೇಹ, ಕೆಟ್ಟ ಕೊಲೆಸ್ಟರಾಲ್, ತಲೆಗೆ ಪೆಟ್ಟು, ಧೂಮಪಾನ, ಅತಿಯಾದ ಮದ್ಯಪಾನ, ಬೊಜ್ಜು, ವ್ಯಾಯಾಮವಿಲ್ಲದಿರುವುದು, ಖಿನ್ನತೆ, ಒಂಟಿತನ, ವಾಯುಮಾಲಿನ್ಯ ಅದರಲ್ಲಿವೆ. ಖಿನ್ನತೆ ಅಲ್ಲಿರುವುದು ಚಿಕಿತ್ಸೆ ಬೇಕಾದ ಕಾಯಿಲೆಯಾಗಿ. ದಿನನಿತ್ಯದ ಚಿಂತೆಗೆ ಪ್ರತ್ಯೇಕ ಜಾಗವಿಲ್ಲ. ಕಿವಿ ಕೇಳಿಸದ ಅಜ್ಜನಿಗೆ ಶ್ರವಣಸಾಧನ ತರುವುದು, ಅಜ್ಜಿಯ ಕಣ್ಣಿನ ಪೊರೆ ತೆಗೆಸುವುದು, ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಹತೋಟಿಯಲ್ಲಿಡುವುದು ಮನೆಯವರ ಕೈಯಲ್ಲಿರುವ ಕೆಲಸಗಳು. 'ಚಿಂತೆ ಮಾಡಬೇಡಿ' ಎಂಬ ಉಪದೇಶ ಇವೆಲ್ಲವನ್ನೂ ಮರೆಯಾಗಿಸಬಾರದು.

ಇದಕ್ಕೂ ಕನ್ನಡ ಐಚ್ಛಿಕಕ್ಕೂ ಏನು ಸಂಬಂಧ ಎಂಬ ಪ್ರಶ್ನೆಗೆ ಈಗ ಉತ್ತರಿಸಬಹುದು. ವಿಜ್ಞಾನವನ್ನು ಓದುವ ನಮ್ಮ ಗೆಳೆಯರು ಅದನ್ನು ಇಂಗ್ಲಿಷಿನಲ್ಲಿ ಓದುತ್ತಾರೆ. ಕನ್ನಡದಲ್ಲಿ ಬರೆಯುವ ಅಗತ್ಯ ಅವರಿಗೆ ಬೀಳುವುದೇ ಅಪರೂಪ. ಪದದ ಮುಖ್ಯಾರ್ಥ ಎಲ್ಲಿ ನಿಲ್ಲುತ್ತದೆ, ಲಕ್ಷ್ಯಾರ್ಥ ಎಲ್ಲಿ ಆರಂಭವಾಗುತ್ತದೆ, ಧ್ವನಿ ಓದುಗನನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಮೂರು ವರ್ಷ ಅಭ್ಯಾಸ ಮಾಡುವವರು ನಾವು. ಆ ಅಭ್ಯಾಸವನ್ನು ಪಂಪ ರನ್ನರಿಗೆ ಮಾತ್ರ ಮೀಸಲಿಡಬೇಕೆಂಬ ನಿಯಮವೇನೂ ಇಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಗಣಿತವನ್ನೂ ಬಲ್ಲವರು, ಪಂಪಭಾರತವನ್ನೂ ಸಂಪಾದಿಸಿದವರು. ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಸೇರಿ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದವರೂ ಅವರೇ. ಕಾದಂಬರಿಕಾರರಾದ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ಸಾಹಿತ್ಯವನ್ನೂ ವಿಜ್ಞಾನವನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡ ಪರಂಪರೆ ಕನ್ನಡಕ್ಕಿದೆ.

ಗಡಿನಾಡಿನಲ್ಲಿ ಈ ಕೆಲಸದ ಅಗತ್ಯ ಒಂದು ತೂಕ ಹೆಚ್ಚು. ಕಾಸರಗೋಡಿನಂಥ ಕಡೆ ವೈದ್ಯರ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಆಸ್ಪತ್ರೆಯ ಕಿಟಕಿಯ ಮಾತು ಮಲಯಾಳದಲ್ಲಿರುತ್ತದೆ, ರೋಗಿ ತನ್ನ ಸಂಕಟ ಹೇಳಿಕೊಳ್ಳುವುದು ಕನ್ನಡದಲ್ಲೋ ತುಳುವಿನಲ್ಲೋ. ಮೂರು ಭಾಷೆಗಳ ನಡುವೆ ಒಂದು ಪದ ಎಲ್ಲಿ ಜಾರಿತು ಎಂದು ಹಿಡಿಯಬಲ್ಲವರು ಅದೇ ಮನೆಯ ಕನ್ನಡ ಓದುವ ಮಕ್ಕಳು. ಕೋಶಜ್ವಲನಂ ಎಂದು ಕೇಳಿಸಿಕೊಂಡು ಬಂದ ತಂದೆಗೆ, ಯಾವುದೂ ಹೊತ್ತಿ ಉರಿಯುತ್ತಿಲ್ಲ ಎಂದು ವಿವರಿಸಿ ಧೈರ್ಯ ಹೇಳುವುದು ಸಣ್ಣ ಕೆಲಸವೇನಲ್ಲ.

ಆದುದರಿಂದ ನಮ್ಮ ವಿಭಾಗಕ್ಕೆ ನನ್ನ ಸೂಚನೆಯೊಂದಿದೆ. ಈ ವಾರ್ತಾಪತ್ರದ ಪ್ರತಿ ಸಂಚಿಕೆಯಲ್ಲೂ ಒಂದು ಪುಟವನ್ನು ವಿಜ್ಞಾನದ ಹೊಸ ಸಂಗತಿಗೆ ಬಿಡೋಣ. ವಿಜ್ಞಾನದ ಒಬ್ಬ ವಿದ್ಯಾರ್ಥಿ, ಕನ್ನಡದ ಒಬ್ಬ ವಿದ್ಯಾರ್ಥಿ ಕೂಡಿ ಅದನ್ನು ಬರೆಯಲಿ. ಬರೆಯುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಲಿ. ಪ್ರಯೋಗ ನಡೆದದ್ದು ಗಾಜಿನ ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಮೂಲದ ಪದಕ್ಕೆ ನಾವು ಕೊಡುವ ಪದ ಓದುಗನನ್ನು ಬೇರೆ ಅರ್ಥಕ್ಕೆ ಎಳೆಯುತ್ತದೆಯೇ? ಇದೇ ಸಂಗತಿಗೆ ಇನ್ನೊಂದು ಮುಖವಿದೆಯೇ? ಇದನ್ನು ಓದಿದ ಮನೆಯವರು ನಾಳೆ ಬೆಳಿಗ್ಗೆ ಏನು ಮಾಡಬೇಕು, ಏನು ಮಾಡಬಾರದು? ಮೆದುಳಿನ ಕಿರುಚೀಲಗಳ ವಿಷಯದಲ್ಲಿ ಮೊದಲ ಪ್ರಶ್ನೆಗೆ ಉತ್ತರ, ಬಹುಪಾಲು ತಟ್ಟೆಯಲ್ಲಿ ಮತ್ತು ಇಲಿಯಲ್ಲಿ. ಕೊನೆಯದಕ್ಕೆ ಉತ್ತರ, ಈ ಸಂಶೋಧನೆಯ ಹೆಸರಿನಲ್ಲಿ ಯಾವ ಔಷಧವನ್ನೂ ಕೊಳ್ಳಬೇಡಿ, ಯಾರನ್ನೂ ದೂಷಿಸಬೇಡಿ, ಮರೆವು ಹೆಚ್ಚುತ್ತಿದ್ದರೆ ವೈದ್ಯರನ್ನು ಕಾಣಿರಿ. ಇಷ್ಟನ್ನು ತಪ್ಪಿಲ್ಲದೆ ಕನ್ನಡದಲ್ಲಿ ಹೇಳಲು ಬಂದರೆ ನಾವು ಓದಿದ ಶಬ್ದಶಕ್ತಿಯ ಪಾಠ ಸಾರ್ಥಕವಾದಂತೆ.